ನೀರಿನಡಿಯ ಹಡಗು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿ ಸಮುದ್ರವನ್ನು ನೋಡಿದ್ದೀರಿ? ರಾಯದುರ್ಗ, ಮಡಕಶಿರಾ, ಆದೋನಿಗಳ ಕಡೆಯವರಾದ ನಮಗೆ ಕೆರೆ ತುಂಬಿದರೇ ದೊಡ್ಡ ಸಂಭ್ರಮ. ಸಮುದ್ರ ದೂರದ ಮಾತು. ಆದರೂ ಕೆಲವರು ಅಪ್ಪ ಅಮ್ಮನ ಜೊತೆಯಲ್ಲೋ ಶಾಲೆಯ ಪ್ರವಾಸದಲ್ಲೋ ವಿಶಾಖಪಟ್ಟಣಕ್ಕೆ ಹೋಗಿ ಬಂದಿರಬಹುದು. ಅಲ್ಲಿಯ ಕಡಲತೀರದಲ್ಲಿ ದಡದ ಮೇಲೆ ನಿಲ್ಲಿಸಿರುವ ಕುರ್ಸುರಾ ಎಂಬ ಜಲಾಂತರ್ಗಾಮಿಯನ್ನು ನೋಡಿರಬಹುದು. ಅದು 1969ರಿಂದ 2001ರವರೆಗೆ ನಮ್ಮ ನೌಕಾಪಡೆಯಲ್ಲಿ ಕೆಲಸ ಮಾಡಿತು. 2002ರಿಂದ ವಸ್ತುಸಂಗ್ರಹಾಲಯವಾಗಿದೆ. ಒಂದು ಕಡೆಯಿಂದ ಒಳಹೊಕ್ಕು, ನಾವಿಕರು ಮಲಗುತ್ತಿದ್ದ ಇಕ್ಕಟ್ಟಾದ ಜಾಗ, ಯಂತ್ರಗಳು, ಕೊಳವೆಗಳು ಎಲ್ಲವನ್ನೂ ನೋಡುತ್ತ ಇನ್ನೊಂದು ಕಡೆಯಿಂದ ಹೊರಗೆ ಬರಬಹುದು.

ಈ ಪಾಠದಲ್ಲಿ ನಾವು ನೋಡಲು ಹೊರಟಿರುವ ಹಡಗು ಹಾಗಲ್ಲ. ಅದು ನೀರಿನ ಅಡಿಯಲ್ಲಿದೆ. ಅದರೊಳಗೆ ಪ್ರವಾಸಿಗಳು ಯಾರೂ ಕಾಲಿಡುವಂತಿಲ್ಲ. ಅದರ ಮೇಲೆ ಕಟ್ಟಿರುವ ಒಂದು ಬಿಳಿಯ ಮಂಟಪದಲ್ಲಿ ನಿಂತು, ಬಗ್ಗಿ ನೋಡಿ ಬರಬೇಕು. ಆ ಹಡಗಿನ ಹೆಸರು ಅರಿಜೋನಾ. ಅಮೆರಿಕದ ಯುದ್ಧನೌಕೆ ಅದು.

ಬನ್ನಿ, ಮೊದಲು ಭೂಪಟವನ್ನು ಬಿಡಿಸೋಣ. ಎಡಗಡೆಗೆ ಏಷ್ಯಾ, ಬಲಗಡೆಗೆ ಅಮೆರಿಕ ಬರುವಂತೆ ಇಟ್ಟುಕೊಳ್ಳಿರಿ. ನಡುವೆ ಕಾಣುವ ವಿಶಾಲವಾದ ನೀಲಿ ಬಣ್ಣವೇ ಪೆಸಿಫಿಕ್ ಮಹಾಸಾಗರ. ಆ ನೀಲಿಯ ನಡುವೆ ನಾಲ್ಕು ಸಾಸಿವೆ ಕಾಳು ಚೆಲ್ಲಿದಂತೆ ಕೆಲವು ಚುಕ್ಕೆಗಳಿವೆ. ಅವೇ ಹವಾಯಿ ದ್ವೀಪಗಳು. ಅಮೆರಿಕದ ಪಶ್ಚಿಮ ತೀರದಿಂದ ಅಲ್ಲಿಗೆ ಸುಮಾರು 3,800 ಕಿಲೋಮೀಟರು. ಅಲ್ಲಿ ಭಾನುವಾರ ಬೆಳಗಿನ ಎಂಟು ಗಂಟೆಯಾದಾಗ ನಮ್ಮಲ್ಲಿ ಭಾನುವಾರ ರಾತ್ರಿ ಹನ್ನೊಂದೂವರೆ. ಆ ದ್ವೀಪಗಳಲ್ಲಿ ಓಅಹು ಎಂಬುದೊಂದು. ಹೊನೊಲುಲು ನಗರವಿರುವುದು ಅದರಲ್ಲಿಯೇ. ನಗರದ ಪಕ್ಕದಲ್ಲಿ ಸಮುದ್ರವು ಭೂಮಿಯೊಳಕ್ಕೆ ಚಾಚಿಕೊಂಡು ಒಂದು ಶಾಂತವಾದ ಬಂದರನ್ನು ಮಾಡಿದೆ. ಅಲ್ಲಿ ಹಿಂದೆ ಮುತ್ತಿನ ಚಿಪ್ಪುಗಳು ಸಿಗುತ್ತಿದ್ದುವು. ಆದುದರಿಂದ ಅದಕ್ಕೆ ಮುತ್ತಿನ ಬಂದರು ಎಂಬ ಹೆಸರು. ಇಂಗ್ಲಿಷಿನಲ್ಲಿ ಪರ್ಲ್ ಹಾರ್ಬರ್.

ಬಂದರಿನ ದಡದಲ್ಲಿ ಸಂದರ್ಶಕರ ಕೇಂದ್ರವಿದೆ. ಪ್ರವೇಶಕ್ಕೆ ಹಣವಿಲ್ಲ. ಆದರೆ ಚೀಲಗಳನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಬುತ್ತಿ ಚೀಲವನ್ನೂ ಹೊರಗೇ ಇಟ್ಟು ಬರಬೇಕು. ಹೊನೊಲುಲುವಿನ ಕಡಲತೀರಕ್ಕೆ ಈಜಲು, ಆಡಲು ಜನ ಬರುತ್ತಾರೆ. ಈಜುಡುಗೆಯಲ್ಲಿಯೇ ಇಲ್ಲಿಗೂ ಬಂದುಬಿಡಬಾರದೆಂದು ತಿಳಿಸುತ್ತಾರೆ. ಸರಿಯಾದುದೇ. ನಾವೂ ಗುಡಿಗೆ ಹೋಗುವಾಗ ಕೈಕಾಲು ತೊಳೆದು, ಮಡಿ ಬಟ್ಟೆಯುಟ್ಟು ಹೋಗುವುದಿಲ್ಲವೇ?

ಒಳಗೆ ಕಾಲಿಡುತ್ತಲೇ ಒಂದು ದೊಡ್ಡ ಕಬ್ಬಿಣದ ಲಂಗರು ಕಾಣುತ್ತದೆ. ಹಡಗು ನಿಂತಲ್ಲಿಯೇ ನಿಲ್ಲಲೆಂದು ನೀರಿಗೆ ಇಳಿಬಿಡುವ ಭಾರವೇ ಲಂಗರು. ಇದು ಅರಿಜೋನಾದ್ದು. ಸುಮಾರು ಒಂಬತ್ತು ಟನ್ ತೂಕ. ನೂರು ಕಿಲೋ ತುಂಬಿದ ಅಕ್ಕಿ ಮೂಟೆಗಳಾದರೆ ತೊಂಬತ್ತು ಮೂಟೆ! ಲಂಗರೇ ಇಷ್ಟು ಭಾರವಿದ್ದರೆ ಹಡಗು ಎಷ್ಟು ದೊಡ್ಡದಿರಬೇಡ?

ಅರಿಜೋನಾದ ಉದ್ದ 185 ಮೀಟರು. ಕ್ರಿಕೆಟ್ ಪಿಚ್ಚುಗಳನ್ನು ಒಂದರ ಮುಂದೊಂದರಂತೆ ಒಂಬತ್ತು ಜೋಡಿಸಿದರೆ ಎಷ್ಟು ಉದ್ದವಾಗುತ್ತದೋ ಅಷ್ಟು. ಅದರ ಮೇಲೆ ಹನ್ನೆರಡು ದೊಡ್ಡ ಫಿರಂಗಿಗಳಿದ್ದುವು. ಒಂದೊಂದರ ಬಾಯಿಯೂ ನಿಮ್ಮ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಯ ಎರಡರಷ್ಟಕ್ಕಿಂತ ಅಗಲ. ಸುಮಾರು 35 ಸೆಂಟಿಮೀಟರು. ಈ ಹಡಗನ್ನು ನ್ಯೂಯಾರ್ಕಿನ ನೌಕಾ ಕಟ್ಟೆಯಲ್ಲಿ ಕಟ್ಟಿ 1915ರಲ್ಲಿ ನೀರಿಗಿಳಿಸಿದರು. 1916ರಲ್ಲಿ ಅದು ನೌಕಾಪಡೆಗೆ ಸೇರಿತು. ಸಾವಿರಕ್ಕೂ ಹೆಚ್ಚು ನಾವಿಕರಿಗೆ ಅದೇ ಮನೆ. ಅಡುಗೆಯವರು, ಕ್ಷೌರಿಕರು, ವೈದ್ಯರು, ಗುಮಾಸ್ತರು, ವಾದ್ಯ ನುಡಿಸುವವರು ಎಲ್ಲರೂ ಅಲ್ಲಿದ್ದರು. ಎಷ್ಟೋ ಮಂದಿ ಇನ್ನೂ ಹದಿನೆಂಟು ಇಪ್ಪತ್ತರ ಹುಡುಗರು. ನಿಮ್ಮ ಮನೆಯ ಅಣ್ಣಂದಿರ ವಯಸ್ಸು.

ದೋಣಿಯ ಸರದಿ ಬರುವವರೆಗೆ ಇಲ್ಲಿಯ ಸಂಗ್ರಹಾಲಯದ ಕೊಠಡಿಗಳನ್ನು ನೋಡಬಹುದು. ಗೋಡೆಗಳ ಮೇಲೆ ಭೂಪಟಗಳು, ಹಳೆಯ ಛಾಯಾಚಿತ್ರಗಳು. ಅವುಗಳನ್ನು ನೋಡುತ್ತ ಆ ದಿನದ ಕಥೆಯನ್ನು ತಿಳಿದುಕೊಳ್ಳೋಣ.

ಎರಡನೆಯ ಮಹಾಯುದ್ಧವು 1939ರಲ್ಲಿ ಯುರೋಪಿನಲ್ಲಿ ಆರಂಭವಾಯಿತು. ಅದಕ್ಕೂ ಮೊದಲೇ, 1937ರಿಂದ, ಜಪಾನು ಚೀನಾದ ಮೇಲೆ ಯುದ್ಧ ಮಾಡುತ್ತಿತ್ತು. ಅಮೆರಿಕವು ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದರೆ ಜಪಾನಿನ ನಡತೆಯನ್ನು ಒಪ್ಪದೆ 1941ರಲ್ಲಿ ಅದಕ್ಕೆ ಎಣ್ಣೆ ಮಾರುವುದನ್ನು ನಿಲ್ಲಿಸಿತು. ಎಣ್ಣೆಯಿಲ್ಲದೆ ಹಡಗು ಚಲಿಸದು, ವಿಮಾನ ಹಾರದು. ಆಗ್ನೇಯ ಏಷ್ಯಾದ ನಾಡುಗಳಲ್ಲಿ ಎಣ್ಣೆಯೂ ರಬ್ಬರೂ ಇದ್ದುವು. ಅವುಗಳನ್ನು ವಶಪಡಿಸಿಕೊಳ್ಳಲು ಹೊರಟರೆ ಪರ್ಲ್ ಹಾರ್ಬರಿನಲ್ಲಿರುವ ಅಮೆರಿಕದ ಹಡಗುಗಳು ಅಡ್ಡ ಬರುತ್ತವೆ. ಮೊದಲು ಅವನ್ನೇ ಮುರಿಯಬೇಕು ಎಂದು ಜಪಾನಿನ ಸೇನಾನಾಯಕರು ಯೋಚಿಸಿದರು.

1941ನೆಯ ಇಸವಿ ಡಿಸೆಂಬರ್ 7. ಭಾನುವಾರದ ಬೆಳಗು. ಆರು ವಿಮಾನವಾಹಕ ನೌಕೆಗಳಲ್ಲಿ ಸದ್ದಿಲ್ಲದೆ ಬಂದಿದ್ದ ಜಪಾನೀಯರು ಎರಡು ಅಲೆಗಳಲ್ಲಿ 350ರಷ್ಟು ವಿಮಾನಗಳನ್ನು ಕಳುಹಿಸಿದರು. ಯುದ್ಧ ಸಾರಿರಲಿಲ್ಲ. ಮುನ್ಸೂಚನೆ ಕೊಟ್ಟಿರಲಿಲ್ಲ.

ಎಂಟು ಗಂಟೆಗೆ ಹಡಗುಗಳ ಮೇಲೆ ಧ್ವಜವನ್ನು ಏರಿಸುವುದು ವಾಡಿಕೆ. ಅರಿಜೋನಾದ ವಾದ್ಯವೃಂದದ ಇಪ್ಪತ್ತೊಂದು ಮಂದಿ ರಾಷ್ಟ್ರಗೀತೆ ನುಡಿಸಲು ಹಡಗಿನ ಮೇಲಂತಸ್ತಿಗೆ ಬಂದಿದ್ದರು. ಎಂಟಕ್ಕೆ ಐದು ನಿಮಿಷವಿರುವಾಗ ಆಕಾಶದಲ್ಲಿ ಮೊರೆತ ಕೇಳಿಸಿತು. ವಾದ್ಯಗಳನ್ನು ಬಿಟ್ಟು ಅವರು ತಮ್ಮ ಯುದ್ಧಕಾಲದ ಕೆಲಸಕ್ಕೆ ಓಡಿದರು. ಫಿರಂಗಿಗಳಿಗೆ ಕೆಳಗಿನಿಂದ ಮದ್ದುಗುಂಡುಗಳನ್ನು ಎತ್ತಿಕೊಡುವುದೇ ಅವರ ಕೆಲಸ. ಸುಮಾರು ಎಂಟು ಗಂಟೆ ಆರು ನಿಮಿಷಕ್ಕೆ, ಬಹಳ ಎತ್ತರದಿಂದ ಬಿದ್ದ ಸುಮಾರು 800 ಕಿಲೋ ತೂಕದ ಒಂದು ಬಾಂಬು ಹಡಗಿನ ಮುಂಭಾಗದ ಉಕ್ಕನ್ನು ತೂತು ಮಾಡಿಕೊಂಡು ಒಳಗಿಳಿಯಿತು. ಒಳಗಿದ್ದದ್ದು ಮದ್ದಿನ ಕೋಠಿ. ಅಲ್ಲಿ ತುಂಬಿದ್ದ ಮದ್ದೆಲ್ಲ ಒಮ್ಮೆಲೇ ಸಿಡಿಯಿತು. ಹಡಗಿನ ಮುಂಭಾಗ ಚಿಂದಿಯಾಯಿತು. ಕೆಲವೇ ನಿಮಿಷಗಳಲ್ಲಿ ಅದು ಕುಸಿದು ತಳಕ್ಕೆ ಕುಳಿತಿತು. ಬೆಂಕಿ ಆರಲು ಎರಡು ದಿನಗಳಿಗಿಂತ ಹೆಚ್ಚು ಹಿಡಿಯಿತು.

ಅಂದು ಹಡಗಿನವರು 1,512 ಮಂದಿ. ಬದುಕಿದವರು 335. ಉಳಿದವರ ಲೆಕ್ಕವನ್ನು ನೀವೇ ಮಾಡಿರಿ. ವಾದ್ಯವೃಂದದ ಇಪ್ಪತ್ತೊಂದು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಮೂವತ್ತಕ್ಕೂ ಹೆಚ್ಚು ಮನೆಗಳ ಅಣ್ಣತಮ್ಮಂದಿರು ಇದೇ ಹಡಗಿನಲ್ಲಿ ಜೊತೆಗಿದ್ದರು. ಎಷ್ಟೋ ತಾಯಂದಿರಿಗೆ ಇಬ್ಬರು ಮಕ್ಕಳ ಸಾವಿನ ಸುದ್ದಿಯೂ ಒಟ್ಟಿಗೇ ಬಂದಿತು. ಒಬ್ಬ ತಂದೆ, ಅವನ ಮಗ ಇಬ್ಬರೂ ಇಲ್ಲಿಯೇ ಸತ್ತರು. ಪರ್ಲ್ ಹಾರ್ಬರಿನಲ್ಲಿ ಆ ದಿನ ಸತ್ತ ಅಮೆರಿಕನ್ನರು ಒಟ್ಟು 2,403 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಈ ಒಂದೇ ಹಡಗಿನವರು. ದಾಳಿ ಮಾಡಲು ಬಂದ ಜಪಾನೀಯರಲ್ಲಿಯೂ ಅರವತ್ತಕ್ಕೂ ಹೆಚ್ಚು ಯುವಕರು ತಮ್ಮ ಮನೆಗೆ ಹಿಂದಿರುಗಲಿಲ್ಲ.

ಮರುದಿನವೇ ಅಮೆರಿಕವು ಯುದ್ಧಕ್ಕಿಳಿಯಿತು. ಅದು ಮುಗಿಯಲು ನಾಲ್ಕು ವರ್ಷಗಳಷ್ಟು ಹಿಡಿಯಿತು. 1945ರ ಆಗಸ್ಟ್ 6ರಂದು ಅಮೆರಿಕವು ಜಪಾನಿನ ಹಿರೋಶಿಮಾ ನಗರದ ಮೇಲೆ ಅಣುಬಾಂಬನ್ನು ಹಾಕಿತು. ಆ ವರ್ಷ ಮುಗಿಯುವುದರೊಳಗೆ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಿಮ್ಮಂಥ ಶಾಲಾಮಕ್ಕಳು ಎಷ್ಟೋ ಮಂದಿ.

ಈಗ ಇತ್ತ ಬನ್ನಿ. ಗಾಜಿನ ಹಿಂದೆ ಇಟ್ಟಿರುವ ಈ ಪುಟ್ಟ ಕಾಗದದ ಹಕ್ಕಿಯನ್ನು ನೋಡಿರಿ. ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕದು. ಇದನ್ನು ಮಡಿಸಿದವಳು ಸದಾಕೋ ಸಸಾಕಿ ಎಂಬ ಹಿರೋಶಿಮಾದ ಹುಡುಗಿ. ಅಣುಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಆಗ ಬದುಕಿಕೊಂಡಳು. ಆದರೆ ಬಾಂಬಿನ ವಿಷಕಿರಣಗಳಿಂದ ಮುಂದೆ ರಕ್ತದ ಕಾಯಿಲೆ ಬಂದಿತು. ಸಾವಿರ ಕಾಗದದ ಕೊಕ್ಕರೆಗಳನ್ನು ಮಡಿಸಿದರೆ ಬೇಡಿದ್ದು ಸಿಗುತ್ತದೆ ಎಂದು ಜಪಾನಿನಲ್ಲಿ ನಂಬಿಕೆಯಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ, ಔಷಧಿಗೆ ಸುತ್ತಿದ ಕಾಗದವನ್ನೂ ಬಿಡದೆ, ಅವಳು ಕೊಕ್ಕರೆಗಳನ್ನು ಮಡಿಸಿದಳು. 1955ರಲ್ಲಿ ತೀರಿಕೊಂಡಳು. ಆಗ ಅವಳಿಗೆ ಹನ್ನೆರಡು ವರ್ಷ. ಅವಳ ಮನೆಯವರು ಆ ಕೊಕ್ಕರೆಗಳಲ್ಲಿ ಒಂದನ್ನು 2013ರಲ್ಲಿ ಈ ಕೇಂದ್ರಕ್ಕೆ ಕೊಟ್ಟರು. ಜಪಾನು ಬಾಂಬು ಹಾಕಿದ ಸ್ಥಳದಲ್ಲಿ, ಅಮೆರಿಕದ ಬಾಂಬಿನಿಂದ ಸತ್ತ ಹುಡುಗಿಯ ಕೊಕ್ಕರೆ! ಕೊಟ್ಟವರ ಮನಸ್ಸು ದೊಡ್ಡದು. ಇಟ್ಟುಕೊಂಡವರದೂ ಸಣ್ಣದಲ್ಲ.

ಸರದಿ ಬಂದಿತು. ದೋಣಿ ಹತ್ತೋಣ.

ದೋಣಿಯನ್ನು ನಡೆಸುವವರು ನೌಕಾಪಡೆಯವರೇ. ನೀರು ತಿಳಿಹಸುರು. ಗಾಳಿ ತಂಪಾಗಿದೆ. ಹತ್ತು ನಿಮಿಷದ ದಾರಿ. ಆ ಕಡೆ ದೊಡ್ಡದೊಂದು ಯುದ್ಧನೌಕೆ ಕಾಣುತ್ತಿದೆ, ನೋಡಿದಿರಾ? ಅದರ ಹೆಸರು ಮಿಸ್ಸೂರಿ. 1945ರ ಸೆಪ್ಟೆಂಬರ್ 2ರಂದು ಜಪಾನು ಸೋಲನ್ನೊಪ್ಪಿ ಸಹಿ ಹಾಕಿದ್ದು ಆ ಹಡಗಿನ ಮೇಲೆಯೇ. 1999ರಿಂದ ಅದು ಇಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅಮೆರಿಕವನ್ನು ಯುದ್ಧಕ್ಕೆಳೆದ ದಿನದ ಹಡಗು ನೀರೊಳಗೆ. ಯುದ್ಧ ಮುಗಿದ ದಿನದ ಹಡಗು ನೀರ ಮೇಲೆ. ಎರಡಕ್ಕೂ ನಡುವೆ ಕೂಗಳತೆಯ ದೂರ.

ಎದುರಿಗೆ ಬೆಳ್ಳಗೆ ಕಾಣುವುದೇ ನಮ್ಮ ಸ್ಮಾರಕ. ಸೇತುವೆಯಂತಿದೆ, ಅಲ್ಲವೇ? ಎರಡು ತುದಿಗಳೂ ಎತ್ತರ. ನಡುವೆ ತಗ್ಗು. ಯಾರೋ ಮೇಲಿನಿಂದ ಅದುಮಿದಂತೆ. ಕಟ್ಟಿದ ಹೊಸದರಲ್ಲಿ ಕೆಲವರು ಇದನ್ನು ನಜ್ಜುಗುಜ್ಜಾದ ಹಾಲಿನ ಡಬ್ಬಿ ಎಂದು ಗೇಲಿ ಮಾಡಿದರಂತೆ! ಆದರೆ ಕಟ್ಟಿದವನಿಗೆ ತಾನೇನು ಮಾಡುತ್ತಿದ್ದೇನೆಂಬುದು ಚೆನ್ನಾಗಿ ತಿಳಿದಿತ್ತು. ನಡುವಿನ ತಗ್ಗು ಮೊದಲು ಆದ ಸೋಲು. ಎರಡೂ ಕಡೆ ತಲೆಯೆತ್ತಿ ನಿಂತಿರುವುದು ಕೊನೆಗೆ ಬಂದ ಗೆಲುವು.

ಅವನ ಹೆಸರು ಆಲ್ಫ್ರೆಡ್ ಪ್ರೈಸ್. ಹುಟ್ಟಿದ್ದು ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ. ಹಿಟ್ಲರನ ಕಡೆಯವರ ಕಾಟ ತಾಳಲಾರದೆ 1939ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಹೊನೊಲುಲುವಿಗೆ ಬಂದು ನೆಲೆಸಿದ್ದ. ಪರ್ಲ್ ಹಾರ್ಬರಿನ ಮೇಲೆ ದಾಳಿಯಾದ ಕೂಡಲೇ ಅಮೆರಿಕದವರು ಅವನನ್ನು ಶತ್ರುದೇಶದವನೆಂದು ಹಿಡಿದು ಸೆರೆಯಲ್ಲಿಟ್ಟರು. ಹಿಟ್ಲರನಿಂದ ಓಡಿಬಂದವನನ್ನು ಹಿಟ್ಲರನ ಕಡೆಯವನೆಂದು ತಿಳಿದ ಹಾಗಾಯಿತು. ಯುದ್ಧದ ಭಯದಲ್ಲಿ ಮನುಷ್ಯರಿಗೆ ತಮ್ಮವರು ಯಾರು, ಹೊರಗಿನವರು ಯಾರು ಎಂಬುದು ಕಾಣದೆ ಹೋಗುತ್ತದೆ. ಬಿಡುಗಡೆಯಾದ ಪ್ರೈಸ್ ಊರು ಬಿಟ್ಟು ಹೋಗಲಿಲ್ಲ. ಮುಂದೆ ಅದೇ ದಾಳಿಯಲ್ಲಿ ಸತ್ತವರಿಗೆ ಸ್ಮಾರಕದ ನಕ್ಷೆ ಬರೆದ. ಹಣ ಸಾಲದೆ ಬಂದಾಗ ಎಲ್ವಿಸ್ ಪ್ರೀಸ್ಲಿ ಎಂಬ ಹೆಸರಾಂತ ಹಾಡುಗಾರ 1961ರಲ್ಲಿ ಇಲ್ಲಿಯೇ ಒಂದು ಸಂಗೀತ ಕಾರ್ಯಕ್ರಮ ಕೊಟ್ಟು 50,000 ಡಾಲರಿಗೂ ಹೆಚ್ಚು ಹಣ ಕೂಡಿಸಿದ. 1962ರ ಮೇ 30ರಂದು ಸ್ಮಾರಕವನ್ನು ಲೋಕಾರ್ಪಣೆ ಮಾಡಿದರು.

ಇಳಿಯಿರಿ. ನಿಧಾನ. ಇಲ್ಲಿ ಮೆಲ್ಲಗೆ ಮಾತನಾಡಬೇಕು. ಏಕೆಂದರೆ ನಮ್ಮ ಕಾಲ ಕೆಳಗಿರುವುದು ಬರೀ ಹಡಗಲ್ಲ, ಸಮಾಧಿ. ದಾಳಿಯಲ್ಲಿ ಮುಳುಗಿದ ಇತರ ಹಡಗುಗಳಲ್ಲಿ ಹೆಚ್ಚಿನವುಗಳನ್ನು ಮೇಲೆತ್ತಿ, ರಿಪೇರಿ ಮಾಡಿ, ಮತ್ತೆ ಯುದ್ಧಕ್ಕೆ ಕಳುಹಿಸಿದರು. ಅರಿಜೋನಾ ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ಮುಳುಗುಗಾರರು ಒಳಹೊಕ್ಕು ಕೆಲವು ಶವಗಳನ್ನು ಹೊರತಂದರು. ಒಡೆದ ಉಕ್ಕಿನ ನಡುವೆ, ಕತ್ತಲೆಯಲ್ಲಿ, ಆ ಕೆಲಸ ಬಹಳ ಅಪಾಯದ್ದು. ಕೊನೆಗೆ ಅದನ್ನು ನಿಲ್ಲಿಸಿದರು. 900ಕ್ಕೂ ಹೆಚ್ಚು ನಾವಿಕರು ಇಂದಿಗೂ ಹಡಗಿನೊಳಗೇ ಇದ್ದಾರೆ.

ಸ್ಮಾರಕವು ಹಡಗಿಗೆ ಅಡ್ಡಲಾಗಿ ನಿಂತಿದೆ. ಉದ್ದ 56 ಮೀಟರು. ಎಲ್ಲಿಯೂ ಹಡಗನ್ನು ಅದು ಮುಟ್ಟಿಲ್ಲ. ಅದರ ಕಂಬಗಳು ಹಡಗಿನ ಆಚೆ ಈಚೆ ಸಮುದ್ರದ ತಳದಲ್ಲಿ ಊರಿವೆ. ಮಲಗಿದವರನ್ನು ತುಳಿಯದೆ ದಾಟುವ ಹಾಗೆ. ನಡುವಿನ ಭಾಗದಲ್ಲಿ ಎರಡು ಕಡೆಗೂ ಏಳೇಳು, ಮೇಲೆ ಏಳು ದೊಡ್ಡ ತೆರಪುಗಳಿವೆ. ಒಟ್ಟು ಇಪ್ಪತ್ತೊಂದು. ಗೌರವಕ್ಕಾಗಿ ಇಪ್ಪತ್ತೊಂದು ತೋಪು ಹಾರಿಸುವುದುಂಟಲ್ಲ, ಅದರ ಗುರುತು ಎಂದು ಕೆಲವರು ಹೇಳುತ್ತಾರೆ. ಈ ತೆರಪುಗಳಿಂದ ಬಗ್ಗಿ ನೋಡಿರಿ. ನೀರು ಬಹಳ ಆಳವಿಲ್ಲ. ಸುಮಾರು 12 ಮೀಟರು. ಪಾಚಿ ಹಿಡಿದ ಉಕ್ಕು, ಅದರ ಮೇಲೆ ಆಡುವ ಬಣ್ಣದ ಮೀನುಗಳು. ಅಲ್ಲಿ ನೀರಿನಿಂದ ಮೇಲೆ ತುಕ್ಕು ಹಿಡಿದ ದುಂಡನೆಯ ದೊಡ್ಡ ಬಳೆಯಂಥದು ಕಾಣುತ್ತಿದೆ. ಒಂದು ಕಾಲಕ್ಕೆ ಅದರ ಮೇಲೆ ಮೂರು ಫಿರಂಗಿಗಳು ತಿರುಗುತ್ತಿದ್ದುವು.

ನೆಲದಲ್ಲಿ ಬಾವಿಯಂಥ ಒಂದು ತೆರಪೂ ಇದೆ. ಅಲ್ಲಿಂದ ಹೂವನ್ನು ನೀರಿಗೆ ಬಿಡುತ್ತಾರೆ. ಹವಾಯಿಯ ಜನ ನಮ್ಮಂತೆಯೇ ಹೂಮಾಲೆಪ್ರಿಯರು. ಆದರೆ ಮಾಲೆಯನ್ನು ಹಾಗೆಯೇ ನೀರಿಗೆ ಹಾಕಬಾರದು. ದಾರ ಮೀನು, ಆಮೆಗಳಿಗೆ ಸುತ್ತಿಕೊಂಡು ಪ್ರಾಣಕ್ಕೆ ಅಪಾಯ. ಎಸಳುಗಳನ್ನು ಬಿಡಿಸಿ ಹಾಕಬೇಕು.

ಇಲ್ಲಿ ಹೂವಿಟ್ಟವರಲ್ಲಿ ಒಬ್ಬನ ಕಥೆ ಕೇಳಿರಿ. ರಿಚರ್ಡ್ ಫಿಸ್ಕ್ ಎಂಬವನು ದಾಳಿಯ ದಿನ ಪಕ್ಕದ ಇನ್ನೊಂದು ಹಡಗಿನಲ್ಲಿ ಕಹಳೆ ಊದುವವನಾಗಿದ್ದ. ಗೆಳೆಯರು ಸಾಯುವುದನ್ನು ಕಣ್ಣಾರೆ ಕಂಡಿದ್ದ. ಎಷ್ಟೋ ವರ್ಷ ಜಪಾನೀಯರ ಮೇಲಿನ ದ್ವೇಷದಲ್ಲಿ ಬೆಂದ. 1991ರಲ್ಲಿ, ದಾಳಿಯ ಐವತ್ತನೆಯ ವರ್ಷದಲ್ಲಿ, ಜೆಂಜಿ ಅಬೆ ಎಂಬ ಜಪಾನಿನ ಮುದುಕನೊಬ್ಬ ಇಲ್ಲಿಗೆ ಬಂದ. ಅಂದು ಇದೇ ಬಂದರಿನ ಮೇಲೆ ಬಾಂಬು ಹಾಕಿದ ವಿಮಾನಚಾಲಕರಲ್ಲಿ ಅವನೂ ಒಬ್ಬ. ಅವನು ಫಿಸ್ಕನ ಕೈಗೆ ಸ್ವಲ್ಪ ಹಣ ಕೊಟ್ಟು, ಪ್ರತಿ ತಿಂಗಳೂ ಸ್ಮಾರಕಕ್ಕೆ ಗುಲಾಬಿ ತಂದಿಡಬೇಕೆಂದು ಬೇಡಿಕೊಂಡ. ಅಂದಿನಿಂದ ಫಿಸ್ಕ್ ಎರಡು ಗುಲಾಬಿ ತರುತ್ತಿದ್ದ. ಒಂದು ತನ್ನದು, ಒಂದು ಅಬೆಯದು. ಹೂವಿಟ್ಟು, ತನ್ನ ಕಹಳೆಯಲ್ಲಿ ಸತ್ತವರಿಗಾಗಿ ನುಡಿಸುವ ರಾಗವನ್ನು ನುಡಿಸುತ್ತಿದ್ದ. 2004ರಲ್ಲಿ ತೀರಿಕೊಳ್ಳುವವರೆಗೂ ಅವನು ಆ ಮಾತನ್ನು ನಡೆಸಿಕೊಂಡು ಬಂದ.

ಸ್ಮಾರಕದ ಕೊನೆಯ ಕೋಣೆಯಲ್ಲಿ ಎತ್ತರವಾದ ಬಿಳಿಯ ಅಮೃತಶಿಲೆಯ ಗೋಡೆ. ಅದರ ತುಂಬ ಹೆಸರುಗಳು. ನೀವು ಕಳೆದು ಪಡೆದ ಲೆಕ್ಕ ಸರಿಯಾಗಿದ್ದರೆ ಇಲ್ಲಿರುವ ಹೆಸರುಗಳಿಗೆ ಅದು ಹೊಂದುತ್ತದೆ: 1,177.

ನಮ್ಮ ಕಡೆ ಊರ ಹೊರಗೆ, ಕೆರೆಯ ಏರಿಯ ಮೇಲೆ, ಹಳೆಯ ಗುಡಿಯ ಮುಂದೆ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವನಿಗೆ ಕಲ್ಲು ನೆಡುವುದು ನಮ್ಮ ಹಿರಿಯರ ಪದ್ಧತಿ. ಕೆಲವು ಕಲ್ಲುಗಳ ಮೇಲೆ ಅಕ್ಷರಗಳಿವೆ. ಎಷ್ಟೋ ಕಲ್ಲುಗಳ ಅಕ್ಷರ ಸವೆದು ಹೋಗಿದೆ; ಯಾರ ಕಲ್ಲೆಂದು ಊರಿನವರಿಗೂ ಗೊತ್ತಿಲ್ಲ. ಈ ಗೋಡೆಯೂ ಒಂದು ವೀರಗಲ್ಲೇ. ನೌಕಾಪತಿಯ ಹೆಸರೂ ಅಡುಗೆಯವನ ಹೆಸರೂ ಒಂದೇ ಗೋಡೆಯ ಮೇಲಿದೆ. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಬಂದಲ್ಲಿ ಸ್ವಲ್ಪ ನಿಲ್ಲಿರಿ. ಅವರು ಅಣ್ಣತಮ್ಮಂದಿರಾಗಿರಬಹುದು.

ಗೋಡೆಯ ಮುಂದೆ ಬೇರೆ ಚಿಕ್ಕ ಕಲ್ಲುಗಳ ಮೇಲೆ ಇನ್ನೂ ಕೆಲವು ಹೆಸರುಗಳಿವೆ. ಇವರು ಆ ದಿನ ಸತ್ತವರಲ್ಲ, ಬದುಕಿದವರು. ಬದುಕಿದವರ ಹೆಸರು ಇಲ್ಲೇಕೆ?

ಇದನ್ನು ತಿಳಿಯಲು ಒಂದು ಹಗ್ಗದ ಕಥೆಯನ್ನು ಹೇಳಬೇಕು. ಅಂದು ಅರಿಜೋನಾದ ಪಕ್ಕಕ್ಕೆ ವೆಸ್ಟಲ್ ಎಂಬ ರಿಪೇರಿ ಹಡಗನ್ನು ಕಟ್ಟಿದ್ದರು. ಸಿಡಿತವಾದಾಗ ಅರಿಜೋನಾದ ಎತ್ತರದ ಕಟ್ಟೆಯೊಂದರಲ್ಲಿ ಆರು ಮಂದಿ ಸಿಕ್ಕಿಕೊಂಡರು. ಮೈಯೆಲ್ಲ ಸುಟ್ಟಿತ್ತು. ಕೆಳಗೆ ಬೆಂಕಿ. ನೀರಿನ ಮೇಲೂ ಎಣ್ಣೆ ಹರಡಿ ಉರಿಯುತ್ತಿತ್ತು. ವೆಸ್ಟಲ್ ಹಡಗಿಗೂ ಬೆಂಕಿ ತಗುಲುತ್ತಿತ್ತು. ಕಟ್ಟಿದ ಹಗ್ಗಗಳನ್ನು ಕಡಿದು ಹಡಗನ್ನು ದೂರ ಮಾಡಿರೆಂದು ಅಪ್ಪಣೆಯಾಯಿತು. ಆದರೆ ಜೋ ಜಾರ್ಜ್ ಎಂಬ ನಾವಿಕ ಆ ಆರು ಮಂದಿಯನ್ನು ಕಂಡಿದ್ದ. ಅವನು ಅವರತ್ತ ಒಂದು ಹಗ್ಗವನ್ನು ಎಸೆದ. ಹಗ್ಗದ ಒಂದು ತುದಿಯನ್ನು ಅಲ್ಲಿ ಬಿಗಿದು, ಒಬ್ಬರ ಹಿಂದೊಬ್ಬರು, ಚರ್ಮ ಸುಲಿದ ಅಂಗೈಗಳಿಂದಲೇ ಹಗ್ಗ ಹಿಡಿದು ಜೋತಾಡುತ್ತ, ಉರಿಯುವ ನೀರಿನ ಮೇಲೆ ಸುಮಾರು ಇಪ್ಪತ್ತು ಮೀಟರು ದಾಟಿ ಆರೂ ಮಂದಿ ಈಚೆಗೆ ಬಂದರು. ಅವರಲ್ಲಿ ಒಬ್ಬ ಅದೇ ತಿಂಗಳು ಸುಟ್ಟಗಾಯಗಳಿಂದ ತೀರಿಕೊಂಡ. ಐವರು ಬದುಕಿದರು.

ಜೋ ಜಾರ್ಜ್ ಮಾಡಿದ್ದು ಸರಿಯೇ? ಅಪ್ಪಣೆ ಕೊಟ್ಟವರನ್ನೂ ತಪ್ಪೆನ್ನಲಾಗದು. ಅವರ ಹಡಗಿನಲ್ಲಿಯೂ ನೂರಾರು ಜೀವಗಳಿದ್ದುವು. ಈ ಮಾತನ್ನು ನಿಮ್ಮ ತರಗತಿಯಲ್ಲಿ ಬಿಡಿಸಿ ಚರ್ಚಿಸಿರಿ. ಅವನಿಗೆ ಪದಕ ಸಿಗಬೇಕೆಂದು ಅವನು ಉಳಿಸಿದ ಡೊನಾಲ್ಡ್ ಸ್ಟ್ರಾಟನ್, ಲಾರೆನ್ ಬ್ರೂನರ್ ಎಂಬ ಇಬ್ಬರು ಮುದುಕರು ವರ್ಷಗಟ್ಟಲೆ ಓಡಾಡಿದರು. ಕೊನೆಗೆ 2017ರ ಡಿಸೆಂಬರ್ 7ರಂದು ಅದು ಸಿಕ್ಕಿತು. ಪಡೆಯಲು ಜೋ ಜಾರ್ಜ್ ಇರಲಿಲ್ಲ. 1996ರಲ್ಲಿಯೇ ತೀರಿಕೊಂಡಿದ್ದ. ಅವನ ಮಗಳು ಪದಕವನ್ನು ತೆಗೆದುಕೊಂಡಳು.

ಆ ಬ್ರೂನರ್ 98 ವರ್ಷ ಬದುಕಿ 2019ರಲ್ಲಿ ತೀರಿಕೊಂಡ. ತನ್ನ ಚಿತಾಭಸ್ಮವನ್ನು ಅರಿಜೋನಾದೊಳಗೆ ಇಡಬೇಕೆಂದು ಹೇಳಿ ಹೋಗಿದ್ದ. ಆ ವರ್ಷದ ಡಿಸೆಂಬರ್ 7ರ ಸಂಜೆ ಮುಳುಗುಗಾರರು ಭಸ್ಮದ ಕರಂಡಕವನ್ನು ಹಿಡಿದು ನೀರಿಗಿಳಿದರು. ಹಡಗಿನ ಹಿಂಭಾಗದ ಫಿರಂಗಿ ಗೋಪುರದ ಬುಡದಲ್ಲಿ ಅದನ್ನು ಮೆಲ್ಲಗೆ ಒಳಗಿಟ್ಟರು. ಬದುಕಿ ಬಂದವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ 1982ರಿಂದೀಚೆಗೆ ಹೀಗೆಯೇ ತಮ್ಮ ಗೆಳೆಯರ ಬಳಿಗೆ ಹಿಂದಿರುಗಿದ್ದಾರೆ. ಹೀಗೆ ಬಂದವರಲ್ಲಿ ಬ್ರೂನರನೇ ಕೊನೆಯವನು. ಹಗ್ಗ ಹಿಡಿದು ಯಾವ ಹಡಗಿನಿಂದ ಪಾರಾಗಿದ್ದನೋ ಅದೇ ಹಡಗಿಗೆ, ಎಪ್ಪತ್ತೆಂಟು ವರ್ಷಗಳ ಮೇಲೆ.

ಈ ಬಂದರಿನಲ್ಲಿ ಹಾದುಹೋಗುವ ಅಮೆರಿಕದ ಯುದ್ಧನೌಕೆಗಳ ನಾವಿಕರು ಹಡಗಿನ ಅಂಚಿನುದ್ದಕ್ಕೂ ಸಾಲಾಗಿ ನಿಂತು ಅರಿಜೋನಾಕ್ಕೆ ವಂದನೆ ಸಲ್ಲಿಸುತ್ತಾರೆ. ಹಲವು ದೇಶಗಳ ನೌಕೆಗಳು ಒಟ್ಟಾಗಿ ತರಬೇತಿ ಮಾಡಲು ಇಲ್ಲಿ ಸೇರುವುದುಂಟು. ನಮ್ಮ ಸಹ್ಯಾದ್ರಿ ಬೆಟ್ಟಗಳ ಹೆಸರನ್ನು ಹೊತ್ತ ಭಾರತದ ಐ.ಎನ್.ಎಸ್. ಸಹ್ಯಾದ್ರಿ 2014ರಲ್ಲಿ ಇಲ್ಲಿಗೆ ಬಂದಿತ್ತು.

ಹೊರಡುವ ಮುನ್ನ ಇನ್ನೊಮ್ಮೆ ನೀರನ್ನು ನೋಡಿರಿ. ಕೆಳಗಿನಿಂದ ಒಂದು ಕಪ್ಪು ತೊಟ್ಟು ಮೇಲೇರಿ ಬರುತ್ತಿದೆ. ನೀರಿನ ಮೇಲ್ಮೈ ಮುಟ್ಟಿದ ಕೂಡಲೇ ಅದು ಅಗಲವಾಗಿ ಹರಡಿತು. ನೀಲಿ, ನೇರಳೆ, ಹಳದಿ ಬಣ್ಣಗಳು ಮೂಡಿದುವು. ಮಳೆ ನಿಂತ ಮೇಲೆ ರಸ್ತೆಯ ಗುಂಡಿಯ ನೀರಿನಲ್ಲಿ ಲಾರಿಯ ಡೀಸೆಲ್ ಬಿದ್ದಾಗ ಹೀಗೆಯೇ ಕಾಮನಬಿಲ್ಲು ಕಾಣುತ್ತದೆ. ಇದೂ ಎಣ್ಣೆಯೇ. ದಾಳಿಯ ಹಿಂದಿನ ದಿನ ಅರಿಜೋನಾಕ್ಕೆ ಹೊಟ್ಟೆ ತುಂಬ ಉರುವಲು ಎಣ್ಣೆ ತುಂಬಿಸಿದ್ದರು. ಬಹುಪಾಲು ಉರಿದುಹೋಯಿತು. ಉಳಿದದ್ದು ಲಕ್ಷಗಟ್ಟಲೆ ಲೀಟರು ಇನ್ನೂ ಒಳಗಿದೆ. ದಿನಕ್ಕೆ ಕೆಲವು ಲೀಟರಿನಂತೆ ತೊಟ್ಟು ತೊಟ್ಟಾಗಿ ಹೊರಗೆ ಬರುತ್ತಿದೆ.

ಎಣ್ಣೆಯನ್ನು ಏಕೆ ಹೀರಿ ತೆಗೆಯಬಾರದು ಎಂದು ನೀವು ಕೇಳಬಹುದು. ಎಣ್ಣೆ ಒಂದೇ ತೊಟ್ಟಿಯಲ್ಲಿಲ್ಲ. ಹಡಗಿನ ಬೇರೆ ಬೇರೆ ಕೋಣೆಗಳಲ್ಲಿ ಹಂಚಿಹೋಗಿದೆ. ಅದನ್ನು ತೆಗೆಯಬೇಕಾದರೆ ಉಕ್ಕನ್ನು ಕೊರೆಯಬೇಕು. ಸಮಾಧಿಯನ್ನು ಕೆದಕಿದಂತಾಗುತ್ತದೆ. ಹಾಗೆಂದು ಸುಮ್ಮನೆ ಬಿಟ್ಟರೆ, ಉಕ್ಕು ತುಕ್ಕು ತಿಂದು ಒಂದು ದಿನ ಎಣ್ಣೆಯೆಲ್ಲ ಒಟ್ಟಿಗೆ ಸುರಿದು ಬಂದರಿನ ಮೀನು, ಹವಳಗಳಿಗೆ ಕೇಡಾದೀತು. ಆದುದರಿಂದ ವಿಜ್ಞಾನಿಗಳು ತುಕ್ಕು ಎಷ್ಟು ವೇಗವಾಗಿ ತಿನ್ನುತ್ತಿದೆ ಎಂದು ಅಳೆಯುತ್ತ ಬಂದಿದ್ದಾರೆ.

ಜನ ಈ ತೊಟ್ಟುಗಳನ್ನು ಅರಿಜೋನಾದ ಕಪ್ಪು ಕಣ್ಣೀರು ಎನ್ನುತ್ತಾರೆ. ಹಡಗಿನಿಂದ ಬದುಕಿ ಬಂದವರಲ್ಲಿ ಕೊನೆಯವನು ತೀರಿಕೊಳ್ಳುವವರೆಗೆ ಈ ಕಣ್ಣೀರು ನಿಲ್ಲುವುದಿಲ್ಲ ಎಂದು ಒಂದು ಮಾತು ಬಹಳ ಕಾಲದಿಂದ ಇತ್ತು. ಆ ಕೊನೆಯವನ ಹೆಸರು ಲೂ ಕಾಂಟರ್. 2024ರ ಏಪ್ರಿಲ್ 1ರಂದು, 102ನೆಯ ವಯಸ್ಸಿನಲ್ಲಿ ಅವನೂ ತೀರಿಕೊಂಡ. ತೊಟ್ಟುಗಳು ನಿಂತಿಲ್ಲ.

ಅದೋ, ದೋಣಿ ಮುಂದಿನ ಗುಂಪನ್ನು ಕರೆತಂದಿದೆ. ಅವರಿಗೆ ದಾರಿ ಬಿಡೋಣ.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪರ್ಲ್ ಹಾರ್ಬರಿಗೆ ಆ ಹೆಸರು ಏಕೆ ಬಂದಿತು?
2. ಸ್ಮಾರಕವು ಹಡಗನ್ನು ಮುಟ್ಟದಂತೆ ಹೇಗೆ ನಿಂತಿದೆ?
3. ಹೂಮಾಲೆಯನ್ನು ನೀರಿಗೆ ಏಕೆ ಹಾಕಬಾರದು?
4. ರಿಚರ್ಡ್ ಫಿಸ್ಕ್ ಎರಡು ಗುಲಾಬಿಗಳನ್ನು ಏಕೆ ತರುತ್ತಿದ್ದ?

ಆ. ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಲಂಗರು, ಅಪ್ಪಣೆ, ಸರದಿ, ಕೂಗಳತೆ, ಮುನ್ಸೂಚನೆ

ಇ. ಮಾಡಿರಿ.
ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ಊರಿನಲ್ಲಿ ವೀರಗಲ್ಲು ಇದ್ದರೆ ಗುರುಗಳ ಜೊತೆ ಹೋಗಿ ನೋಡಿರಿ. ಅದರ ಚಿತ್ರ ಬರೆಯಿರಿ. ಅದು ಯಾರ ಕಲ್ಲು ಎಂದು ಊರಿನ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿರಿ.